ಎಕ್ಸ್265ರ ಸೈನ್‌ಹೈಡ್: ಉಳಿತಾಯ ಸಣ್ಣದು, ಆದರೂ ಆಫ್ ಮಾಡಬಾರದ ಸ್ವಿಚ್

ಬೆಳಗಾವಿಯ ಸ್ಟುಡಿಯೊದಲ್ಲಿ ಮದುವೆ ವಿಡಿಯೊ ಪೆನ್‌ಡ್ರೈವ್‌ಗೆ ಹಾಕಿಕೊಡುವವರು, ವಿಜಯಪುರ-ಬಾಗಲಕೋಟೆಯ ಕಾಲೇಜುಗಳಲ್ಲಿ ಪಾಠ ರೆಕಾರ್ಡ್ ಮಾಡಿ ಇಡುವವರು, ಜಾತ್ರೆಯ ಫುಟೇಜ್ ವರ್ಷಗಟ್ಟಲೆ ಕೂಡಿಡುವವರು: ಇವರೆಲ್ಲ ಹ್ಯಾಂಡ್‌ಬ್ರೇಕ್ ಅಥವಾ ಎಫ್‌ಎಫ್‌ಎಂಪೆಗ್ ಹಿಡಿದು ಸಿಪಿಯು ಮೇಲೆ ಎಚ್‌ಇವಿಸಿ (ಎಚ್.265 ಎಂಬ ವಿಡಿಯೊ ಸ್ಟ್ಯಾಂಡರ್ಡ್) ಫೈಲ್ ಮಾಡುತ್ತಿದ್ದರೆ ಒಳಗೆ ದುಡಿಯುತ್ತಿರುವ ಎನ್‌ಕೋಡರ್, ಅಂದರೆ ವಿಡಿಯೊವನ್ನು ಒತ್ತಿ ಚಿಕ್ಕದಾಗಿಸುವ ಸಾಫ್ಟ್‌ವೇರ್, ಎಕ್ಸ್265. ಅದರಲ್ಲಿ ಹತ್ತಾರು ಸ್ವಿಚ್‌ಗಳಿವೆ. ಪ್ರೀಸೆಟ್ (ವೇಗದ ಸಿದ್ಧ ಆಯ್ಕೆ), ಸಿಆರ್‌ಎಫ್ (ಗುಣಮಟ್ಟದ ಅಂಕ, ಕಡಿಮೆಯಾದಷ್ಟೂ ಚಿತ್ರ ಚೆನ್ನ) ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕೆಲವು ಸಂಖ್ಯೆಗಳ ಪ್ಲಸ್-ಮೈನಸ್ ಚಿಹ್ನೆಯನ್ನು ಬರೆಯದೆ ಅಡಗಿಸಿ ಬಿಟ್ ಉಳಿಸುವ ಸೈನ್‌ಹೈಡ್ ಬಗ್ಗೆ ಯಾರೂ ಕೇಳುವುದಿಲ್ಲ. ‘ವೇಗ ಬೇಕಾದರೆ ಇದನ್ನು ತೆಗೆದುಬಿಡಿ’ ಎಂಬ ಸಲಹೆ ಮಾತ್ರ ಬಾಯಿಂದ ಬಾಯಿಗೆ ಓಡಾಡುತ್ತದೆ. ಆ ಸಲಹೆ ತಪ್ಪು. ಈ ವಿಮರ್ಶೆ ಆ ಒಂದೇ ಸ್ವಿಚ್‌ನದು.

ಮೊದಲು ಅದು ಯಾವ ಖರ್ಚಿನ ಮೇಲೆ ಕೈ ಹಾಕುತ್ತದೆ ನೋಡೋಣ. ಚಿತ್ರದ ಒಂದು ಬ್ಲಾಕ್ ಹೀಗಿರಬಹುದು ಎಂದು ಎನ್‌ಕೋಡರ್ ಮೊದಲು ಊಹಿಸುತ್ತದೆ. ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಟ್ರಾನ್ಸ್‌ಫಾರ್ಮ್ ಮಾಡಿ, ಕ್ವಾಂಟೈಸೇಶನ್ ಹಂತದಲ್ಲಿ ಪೂರ್ಣಾಂಕಗಳಿಗೆ ಇಳಿಸುತ್ತದೆ. ಹೀಗೆ ಉಳಿದ ಗುಣಾಂಕಗಳೇ ಫೈಲಿನ ತೂಕ. ಗುಣಾಂಕ ಸೊನ್ನೆಯೋ ಅಲ್ಲವೋ, ಅದರ ಗಾತ್ರ 1ಕ್ಕಿಂತ ಹೆಚ್ಚೋ ಎಂಬುದನ್ನೆಲ್ಲ ಅಕ್ಕಪಕ್ಕದವು ನೋಡಿ ಅಂದಾಜಿಸಬಹುದು. ಆದ್ದರಿಂದ ಕ್ಯಾಬ್ಯಾಕ್ (ಅಂದಾಜಿನ ಮೇಲೆ ಬಿಟ್ ಉಳಿಸಿ ಬರೆಯುವ ಹಂತ) ಅವನ್ನು ಒಂದು ಬಿಟ್‌ಗಿಂತ ಕಡಿಮೆ ಖರ್ಚಿನಲ್ಲಿ ಬರೆಯಬಲ್ಲದು. ಪ್ಲಸ್ಸೋ ಮೈನಸ್ಸೋ ಎಂಬುದು ಮಾತ್ರ ಅಂದಾಜಿಗೆ ಸಿಗುವುದಿಲ್ಲ. ಎರಡೂ ಹೆಚ್ಚುಕಡಿಮೆ ಸಮ ಪಾಲಿನಲ್ಲಿ ಬರುತ್ತವೆ. ಹಾಗಾಗಿ ಎಚ್‌ಇವಿಸಿಯಲ್ಲಿ ಚಿಹ್ನೆಗಳು ಅಂದಾಜಿಲ್ಲದ ಬೈಪಾಸ್ ದಾರಿಯಲ್ಲಿ, ಒಂದು ಚಿಹ್ನೆಗೆ ಪೂರಾ ಒಂದು ಬಿಟ್ ಕೊಟ್ಟು ಹೋಗುತ್ತವೆ. ಸೊನ್ನೆಯಲ್ಲದ ಗುಣಾಂಕ ಎಷ್ಟಿವೆಯೋ ಅಷ್ಟು ಬಿಟ್ ಖರ್ಚು, ಚೌಕಾಸಿಗೆ ಜಾಗವೇ ಇಲ್ಲ. ಎಚ್‌ಇವಿಸಿಗಿಂತ ಹಿಂದಿನ ಎಚ್.264ರಲ್ಲಿ ಇದಕ್ಕೆ ಮದ್ದು ಇರಲಿಲ್ಲ. 2013ರಲ್ಲಿ ಬಂದ ಎಚ್‌ಇವಿಸಿಯ ಮೊದಲ ಆವೃತ್ತಿಯಲ್ಲೇ ಚಿಹ್ನೆ ಅಡಗಿಸುವ ಈ ವಿಧಾನ ಸೇರಿಕೊಂಡಿತು.

ಇದರ ನಿಯಮ ಸರಳ. ಟ್ರಾನ್ಸ್‌ಫಾರ್ಮ್ ಬ್ಲಾಕ್ ಎಷ್ಟೇ ದೊಡ್ಡದಿರಲಿ, ಗುಣಾಂಕಗಳನ್ನು 4×4ರ ಗುಂಪುಗಳಾಗಿ, ಅಂದರೆ 16-16 ಆಗಿ ಒಡೆಯಲಾಗುತ್ತದೆ. ಒಂದು ಗುಂಪಿನಲ್ಲಿ ಸ್ಕ್ಯಾನ್ ಸಾಲಿನ ಪ್ರಕಾರ ಮೊದಲ ಸೊನ್ನೆಯಲ್ಲದ ಗುಣಾಂಕಕ್ಕೂ ಕೊನೆಯದಕ್ಕೂ ಕನಿಷ್ಠ 4 ಸ್ಥಾನಗಳ ಅಂತರ ಇದ್ದರೆ, ಆ ಮೊದಲ ಗುಣಾಂಕದ ಚಿಹ್ನೆಯನ್ನು ಬರೆಯುವುದೇ ಇಲ್ಲ. ಫೈಲನ್ನು ಬಿಡಿಸಿ ಓಡಿಸುವ ಡಿಕೋಡರ್ ಗುಂಪಿನ ಎಲ್ಲ ಗಾತ್ರಗಳನ್ನು (ಚಿಹ್ನೆ ಬಿಟ್ಟ ಬೆಲೆಗಳನ್ನು) ಕೂಡಿಸುತ್ತದೆ. ಮೊತ್ತ ಸಮ ಸಂಖ್ಯೆಯಾದರೆ ಪ್ಲಸ್, ಬೆಸವಾದರೆ ಮೈನಸ್. ಮೊತ್ತ ತಾನಾಗಿಯೇ ಹೊಂದಿಕೊಂಡರೆ ಒಂದು ಬಿಟ್ ಪುಕ್ಕಟೆ ಉಳಿಯಿತು. ಹೊಂದದಿದ್ದರೆ ಎನ್‌ಕೋಡರ್ ಯಾವುದಾದರೂ ಒಂದು ಗುಣಾಂಕವನ್ನು 1ರಷ್ಟು ಏರಿಸಿಯೋ ಇಳಿಸಿಯೋ ಮೊತ್ತವನ್ನು ಸರಿಹೊಂದಿಸಬೇಕು. ಸುಮಾರು ಅರ್ಧ ಗುಂಪುಗಳಿಗೆ ಈ ತಿದ್ದುಪಡಿ ಬೇಕಾಗುತ್ತದೆ. ಹಾಗಾಗಿ ಈ ಸ್ವಿಚ್‌ನ ಗುಣಮಟ್ಟವೆಲ್ಲ ನಿಂತಿರುವುದು ಯಾವ ಗುಣಾಂಕವನ್ನು ಮುಟ್ಟಬೇಕು ಎಂಬ ಆಯ್ಕೆಯ ಮೇಲೆ.

ಒಂದು ಗುಂಪನ್ನು ಬಿಡಿಸಿಯೇ ನೋಡೋಣ. ಐ-ಫ್ರೇಮಿನ (ಬೇರೆ ಫ್ರೇಮ್ ನೋಡದೆ ತಾನೇ ಪೂರ್ಣವಾದ ಫ್ರೇಮ್) ಒಂದು ಬ್ಲಾಕ್‌ನಲ್ಲಿ ಕ್ವಾಂಟೈಸೇಶನ್ ಹೆಜ್ಜೆಯಿಂದ ಭಾಗಿಸಿದ ಮೇಲೆ ಮೊದಲ ಆರು ಸ್ಥಾನಗಳಲ್ಲಿ -3.1, 0.2, -1.1, 0.7, 0.1, 0.9 ಬಂದಿವೆ, ಉಳಿದ ಹತ್ತು ಸೊನ್ನೆ ಎಂದುಕೊಳ್ಳಿ. ಐ-ಫ್ರೇಮಿನಲ್ಲಿ ಎಕ್ಸ್265 ಸುಮಾರು ಮೂರನೇ ಒಂದನ್ನು ಕೂಡಿಸಿ ಕೆಳಕ್ಕೆ ದುಂಡಾಗಿಸುತ್ತದೆ. ಸಿಗುವುದು -3, 0, -1, 1, 0, 1. ಮೊದಲದಕ್ಕೂ ಕೊನೆಯದಕ್ಕೂ ಅಂತರ 5, ನಿಯಮ ಅನ್ವಯಿಸುತ್ತದೆ. ಗಾತ್ರಗಳ ಮೊತ್ತ 3+1+1+1, ಅಂದರೆ 6. ಸಮ ಸಂಖ್ಯೆ, ಡಿಕೋಡರ್ ಪ್ಲಸ್ ಎಂದುಕೊಳ್ಳುತ್ತದೆ. ನಮಗೆ ಬೇಕಿರುವುದು ಮೈನಸ್. ಈಗ ಏನನ್ನು ಮುಟ್ಟುವುದು? 3ನ್ನು 4 ಮಾಡಿದರೆ ತಪ್ಪು 0.9. ಎರಡನೇ ಸ್ಥಾನದ 0.2ನ್ನು 1 ಮಾಡಿದರೆ ತಪ್ಪು 0.8. ಕೊನೆಯ 0.9ನ್ನು ಸೊನ್ನೆ ಮಾಡಿದರೆ ಮತ್ತೆ 0.9. ನಾಲ್ಕನೇ ಸ್ಥಾನದ 0.7 ಮಾತ್ರ ನಡುವೆ ತೂಗಾಡುತ್ತಿದೆ. ಅದು 1 ಆದಾಗಲೇ 0.3ರ ತಪ್ಪು ಹೊತ್ತಿತ್ತು, ಸೊನ್ನೆ ಮಾಡಿದರೆ 0.7 ಆಗುತ್ತದೆ. ಇರುವವುಗಳಲ್ಲಿ ಇದೇ ಅಗ್ಗ. ಅದನ್ನು ಸೊನ್ನೆ ಮಾಡಿದರೆ ಮೊತ್ತ 5, ಬೆಸ, ಮೈನಸ್ ತಾನೇ ಬಂತು. ಲಾಭ ಇಲ್ಲಿಗೇ ನಿಲ್ಲುವುದಿಲ್ಲ: -3ರ ಚಿಹ್ನೆಯ ಬಿಟ್ ಉಳಿಯಿತು, ಸೊನ್ನೆಯಾದ 1ರ ಚಿಹ್ನೆಯ ಬಿಟ್ಟೂ ಉಳಿಯಿತು, ಅದರ ಗಾತ್ರ ತಿಳಿಸುವ ಖರ್ಚೂ ತಪ್ಪಿತು.

ಅಂತರ 4 ಇರಲೇಬೇಕೆಂಬ ಷರತ್ತಿನ ಕಾರಣವೂ ಇದರಲ್ಲೇ ಇದೆ. ಅಂತರ ಕಡಿಮೆಯಿದ್ದರೆ ಗುಂಪಿನಲ್ಲಿ ಹೀಗೆ ನಡುವೆ ತೂಗಾಡುವ ಗುಣಾಂಕ ಸಿಗುವ ಸಂಭವ ಕಡಿಮೆ. ಒಂದು ಬಿಟ್ ಉಳಿಸಲು ಹೋಗಿ ಚಿತ್ರ ಕೆಡುತ್ತದೆ. ಇನ್ನೂ ಎರಡು ಕಾವಲುಗಳಿವೆ. ಮೊದಲ ಗುಣಾಂಕದ ಗಾತ್ರ 1 ಇದ್ದರೆ ಅದನ್ನೇ ಸೊನ್ನೆ ಮಾಡುವಂತಿಲ್ಲ, ಏಕೆಂದರೆ ಆಗ ಅಡಗಿಸಿದ ಚಿಹ್ನೆ ಬೇರೆಯದಾಗಿಬಿಡುತ್ತದೆ. ಮೊದಲದಕ್ಕಿಂತ ಹಿಂದಿನ ಸೊನ್ನೆಯನ್ನು 1ಕ್ಕೆ ಏರಿಸಿದರೆ ಅದೇ ಹೊಸ ಮೊದಲನೆಯದು. ಅದರ ಚಿಹ್ನೆ ಹೊಸ ಮೊತ್ತಕ್ಕೆ ಹೊಂದದಿದ್ದರೆ ಆ ಆಯ್ಕೆಯನ್ನೂ ಕೈಬಿಡಬೇಕು. ಸ್ವಂತ ಎನ್‌ಕೋಡರ್ ಬರೆಯಲು ಹೊರಟ ವಿಟಿಯು ವಿದ್ಯಾರ್ಥಿಗಳು ಈ ಎರಡು ಜಾಗಗಳನ್ನು ಮೊದಲು ಪರೀಕ್ಷಿಸಲಿ. ಇಲ್ಲಿ ಎಡವಿದರೆ ಫೈಲ್ ಒಡೆಯುವುದಿಲ್ಲ, ಡಿಕೋಡರ್ ದೂರುವುದೂ ಇಲ್ಲ. ಅಲ್ಲೊಂದು ಇಲ್ಲೊಂದು ಬ್ಲಾಕ್ ತಲೆಕೆಳಗಾದ ವ್ಯತ್ಯಾಸದೊಂದಿಗೆ ಬರುತ್ತದೆ, ಮುಂದಿನ ಐ-ಫ್ರೇಮ್‌ವರೆಗೆ ಕಲೆಯಂತೆ ಹರಡುತ್ತಾ ಹೋಗುತ್ತದೆ. ಎನ್‌ಕೋಡರ್ ತಾನು ಕಟ್ಟಿಕೊಂಡ ಚಿತ್ರವನ್ನೂ ಡಿಕೋಡರ್ ಕೊಟ್ಟ ಚಿತ್ರವನ್ನೂ ಫ್ರೇಮ್‌ಗೆ ಫ್ರೇಮ್ ತಾಳೆ ನೋಡದೆ ಈ ತಪ್ಪು ಸಿಗುವುದಿಲ್ಲ.

ಎಕ್ಸ್265 ಈ ಆಯ್ಕೆಯನ್ನು ಎರಡು ಬಗೆಯಲ್ಲಿ ಮಾಡುತ್ತದೆ, ಬಳಕೆದಾರರಿಗೆ ಮುಖ್ಯವಾದ ವಿಷಯ ಇದು. ಆರ್‌ಡಿಒಕ್ಯೂ (ಬಿಟ್ ಖರ್ಚನ್ನೂ ತೂಗಿ ದುಂಡಾಗಿಸುವ ಸ್ವಿಚ್) ಆಫ್ ಇದ್ದಾಗ ಮೇಲಿನ ಉದಾಹರಣೆಯಂತೆ ದುಂಡಾಗಿಸುವಾಗ ಬಂದ ತಪ್ಪನ್ನಷ್ಟೇ ನೋಡಿ ಆರಿಸುತ್ತದೆ. ಆರ್‌ಡಿಒಕ್ಯೂ ಆನ್ ಇದ್ದಾಗ ಪ್ರತಿ ಬದಲಾವಣೆಯಿಂದ ಎಷ್ಟು ಬಿಟ್ ಹೆಚ್ಚಾಗುತ್ತದೆ, ಎಷ್ಟು ಕಡಿಮೆಯಾಗುತ್ತದೆ ಎಂಬ ಲೆಕ್ಕವನ್ನೂ ಸೇರಿಸಿ ತೂಗುತ್ತದೆ. ಅಲ್ಟ್ರಾಫಾಸ್ಟ್ ಪ್ರೀಸೆಟ್‌ನಲ್ಲಿ ಸೈನ್‌ಹೈಡ್ ಆಫ್. ಸೂಪರ್‌ಫಾಸ್ಟ್‌ನಿಂದ ಪ್ಲಾಸಿಬೊವರೆಗೆ ಒಂಬತ್ತರಲ್ಲೂ ಆನ್. ಆದರೆ ಆರ್‌ಡಿಒಕ್ಯೂ ಶುರುವಾಗುವುದು ಸ್ಲೋ ಪ್ರೀಸೆಟ್‌ನಿಂದ, ಅದೂ ನೇರವಾಗಿ 2ನೇ ಮಟ್ಟದಲ್ಲಿ. ಮೀಡಿಯಂವರೆಗೆ ಅದು ಸೊನ್ನೆ. ಅಂದರೆ ಮೀಡಿಯಂನಲ್ಲಿ ಸೈನ್‌ಹೈಡ್ ಸರಳ ದಾರಿ ಹಿಡಿಯುತ್ತದೆ, ಸ್ಲೋನಲ್ಲಿ ಲೆಕ್ಕಾಚಾರದ ದಾರಿ. ರಾತ್ರಿಯಿಡೀ ಎನ್‌ಕೋಡ್‌ಗೆ ಬಿಟ್ಟು ಬೆಳಿಗ್ಗೆ ಪೆನ್‌ಡ್ರೈವ್ ಕೊಡುವ ಅಂಗಡಿಗೆ ನಮ್ಮ ಶಿಫಾರಸು ಸ್ಲೋ.

ಉಳಿತಾಯ ಎಷ್ಟು? ಎಚ್‌ಇವಿಸಿ ರೂಪಿಸುವಾಗ ನಡೆದ ಪರೀಕ್ಷೆಗಳ ಪ್ರಕಾರ ಅದೇ ಗುಣಮಟ್ಟಕ್ಕೆ ಬಿಟ್‌ರೇಟ್‌ನಲ್ಲಿ ಸುಮಾರು ಶೇ. 0.8ರಿಂದ 1.4. ಆರ್‌ಡಿಒಕ್ಯೂ ಜೊತೆಗಿದ್ದಾಗ ಲಾಭ ಕೆಳಗಿನ ತುದಿಗೆ ಸರಿಯುತ್ತದೆ, ಏಕೆಂದರೆ ನಡುವೆ ತೂಗಾಡುವ ಗುಣಾಂಕಗಳನ್ನು ಅದು ಮೊದಲೇ ಬಳಸಿಕೊಂಡಿರುತ್ತದೆ. ಒಂದು ಮದುವೆಯ ಮಟ್ಟಿಗೆ ಇದು ಕಣ್ಣಿಗೆ ಕಾಣದ ಸಂಖ್ಯೆ. ಮೂರು ಗಂಟೆಯ ವಿಡಿಯೊ ಸೆಕೆಂಡಿಗೆ 3 ಮೆಗಾಬಿಟ್‌ನಲ್ಲಿ 405 ಕೋಟಿ ಬೈಟ್, ಅದರ ಶೇ. 1 ಎಂದರೆ ಸುಮಾರು 40 ಎಂಬಿ. ಆದರೆ ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ 429 ಕೋಟಿ ಬೈಟ್ ದಾಟುವಂತಿಲ್ಲ. ಆ ಗಡಿಯ ಹತ್ತಿರ ಕೆಲಸ ಮಾಡುವಾಗ 40 ಎಂಬಿ ಸಣ್ಣದೇನಲ್ಲ. 2 ಟಿಬಿ ಡಿಸ್ಕ್ ತುಂಬ ಪಾಠಗಳನ್ನಿಟ್ಟ ಕಾಲೇಜಿಗೆ ಅದು 20 ಜಿಬಿ. ಇಷ್ಟಕ್ಕೆ ಎನ್‌ಕೋಡರ್ ಕೊಡುವ ಸಮಯ ಮೋಶನ್ ಸರ್ಚ್‌ನ ಮುಂದೆ ತೀರಾ ಕಡಿಮೆ, ಡಿಕೋಡರ್‌ಗಂತೂ ಒಂದು ಕೂಡಿಕೆ ಅಷ್ಟೇ. ಅದಕ್ಕೇ ವೇಗಕ್ಕಾಗಿ ಇದನ್ನು ತೆಗೆಯಿರಿ ಎಂಬ ಸಲಹೆಯನ್ನು ಒಪ್ಪಲಾಗದು. ವೇಗ ಬೇಕಿದ್ದರೆ ಒಂದು ಮೆಟ್ಟಿಲು ಕೆಳಗಿನ ಪ್ರೀಸೆಟ್ ಆರಿಸಿ, ಸೈನ್‌ಹೈಡ್ ಆನ್ ಇರಲಿ.

ಯಾವ ದೃಶ್ಯಕ್ಕೆ ಹೆಚ್ಚು ದಕ್ಕುತ್ತದೆ ಎಂಬುದು ನಮ್ಮ ಭಾಗದ ಫುಟೇಜ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ಹಾರುವ ಹೊತ್ತು ಎನ್‌ಕೋಡರ್‌ಗೆ ಕಠಿಣ ಪರೀಕ್ಷೆ. ಅರಿಶಿನದ ಪುಡಿ ಒಂದು ದಿಕ್ಕಿಗೆ ಚಲಿಸುವುದಿಲ್ಲ, ಹಿಂದಿನ ಫ್ರೇಮ್ ನೋಡಿ ಮಾಡಿದ ಊಹೆ ಕೈಕೊಡುತ್ತದೆ, ಗುಂಪಿನ ಉದ್ದಕ್ಕೂ ಚಿಕ್ಕ ಚಿಕ್ಕ ಗುಣಾಂಕಗಳು ಹರಡಿಕೊಳ್ಳುತ್ತವೆ. ಸಿಆರ್‌ಎಫ್ 18-20ರ ಸುತ್ತ ಇಟ್ಟರೆ ಬಹಳಷ್ಟು ಗುಂಪುಗಳು 4ರ ಅಂತರ ದಾಟುತ್ತವೆ, ಸೈನ್‌ಹೈಡ್‌ಗೆ ಹೊಟ್ಟೆ ತುಂಬ ಕೆಲಸ. ಅದೇ ದೃಶ್ಯವನ್ನು 30ರ ಮೇಲೆ ಒತ್ತಿದರೆ ಗುಣಾಂಕಗಳೇ ಉಳಿಯುವುದಿಲ್ಲ, ಅಡಗಿಸಲು ಚಿಹ್ನೆಯೂ ಇಲ್ಲ. ಗೋಕಾಕ ಜಲಪಾತದ ಮಳೆಗಾಲದ ಶಾಟ್‌ಗೂ ಇದೇ ಮಾತು. ಗೋಳಗುಮ್ಮಟದ ಗೋಡೆಯನ್ನು ಟ್ರೈಪಾಡ್ ಮೇಲೆ ನಿಶ್ಚಲವಾಗಿ ಹಿಡಿದರೆ ಹೆಚ್ಚಿನ ಬ್ಲಾಕ್‌ಗಳು ವ್ಯತ್ಯಾಸವನ್ನೇ ಬರೆಯದೆ ಸ್ಕಿಪ್ ಆಗುತ್ತವೆ, ಲಾಭ ಸೊನ್ನೆಯ ಹತ್ತಿರ. ಇಳಕಲ್ ಸೀರೆಯ ಸಣ್ಣ ಚೌಕುಳಿ ಕ್ಯಾಮೆರಾ ಹತ್ತಿರ ಬಂದಾಗ ಒಳ್ಳೆಯ ಲಾಭ ಕೊಡುತ್ತದೆ. ಅದರ ಕೆಂಪು ಸೆರಗಿನ ಅಂಚು ಮಸುಕಾದರೆ ಸೈನ್‌ಹೈಡ್ ಮೇಲೆ ತಪ್ಪು ಹೊರಿಸಬೇಡಿ, 4:2:0 ಬಗೆಯ ವಿಡಿಯೊದಲ್ಲಿ ಬಣ್ಣದ ವಿವರ ಉದ್ದಕ್ಕೂ ಅಡ್ಡಕ್ಕೂ ಅರ್ಧಕ್ಕಿಳಿದಿರುತ್ತದೆ. ಪಾಠದ ಸ್ಲೈಡ್‌ಗಳಲ್ಲಿ ಅಕ್ಷರದ ಚೂಪು ಅಂಚುಗಳಿಂದ ಗುಣಾಂಕ ಬಹಳ ಬರುತ್ತವೆ. ಆದರೆ ಸ್ಲೈಡ್ ಬದಲಾಗದಿದ್ದರೆ ಅವು ಬರುವುದು ಐ-ಫ್ರೇಮಿನಲ್ಲಿ ಮಾತ್ರ, ಎಕ್ಸ್265ರ ಡಿಫಾಲ್ಟ್‌ನಲ್ಲಿ ಹೆಚ್ಚೆಂದರೆ 250 ಫ್ರೇಮಿಗೊಮ್ಮೆ.

ಆನ್ ಇದೆಯೋ ಇಲ್ಲವೋ ತಿಳಿಯುವುದು ಸುಲಭ. ಎನ್‌ಕೋಡ್ ಶುರುವಾದಾಗ ಎಕ್ಸ್265 ಲಾಗ್‌ನಲ್ಲಿ ‘ಟೂಲ್ಸ್’ ಎಂಬ ಸಾಲು ಬರುತ್ತದೆ. ಅದರಲ್ಲಿ ಸೈನ್‌ಹೈಡ್ ಎಂದಿದ್ದರೆ ಆನ್. ಮುಗಿದ ಫೈಲ್ ಆದರೆ ಮೀಡಿಯಾಇನ್ಫೋದಲ್ಲಿ ತೆರೆದು ಎನ್‌ಕೋಡಿಂಗ್ ಸೆಟ್ಟಿಂಗ್ಸ್ ಭಾಗ ನೋಡಿ. ಎಕ್ಸ್265 ತನ್ನ ಆಯ್ಕೆಗಳನ್ನು ಫೈಲಿನೊಳಗೇ ಬರೆದಿಡುತ್ತದೆ, ಸೈನ್‌ಹೈಡ್ ಅಥವಾ ನೋ-ಸೈನ್‌ಹೈಡ್ ಎಂದು ಕಾಣುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಅಡ್ವಾನ್ಸ್ಡ್ ಆಪ್ಶನ್ಸ್ ಡಬ್ಬಿಯಲ್ಲಿ, ಎಫ್‌ಎಫ್‌ಎಂಪೆಗ್‌ನಲ್ಲಿ ಎಕ್ಸ್265-ಪ್ಯಾರಮ್ಸ್ ಒಳಗೆ ಬರೆಯಬೇಕು. ಒಂದಕ್ಕಿಂತ ಹೆಚ್ಚು ಆಯ್ಕೆಗಳಿದ್ದರೆ ನಡುವೆ ಕೋಲನ್. ಎಫ್‌ಎಫ್‌ಎಂಪೆಗ್‌ನಲ್ಲಿ ಹೆಸರು ತಪ್ಪಾಗಿ ಟೈಪ್ ಆದರೆ ಒಂದು ಸಾಲಿನ ಎಚ್ಚರಿಕೆ ಕೊಟ್ಟು ಕೆಲಸ ಮುಂದುವರಿಸುತ್ತದೆ, ನಿಲ್ಲುವುದಿಲ್ಲ. ಆ ಸಾಲು ಲಾಗ್‌ನಲ್ಲಿ ಮೇಲೆ ಸರಿದುಹೋದರೆ ನೀವು ಬದಲಿಸಿದ್ದೀರಿ ಎಂದುಕೊಂಡದ್ದು ಬದಲಾಗಿರುವುದೇ ಇಲ್ಲ.

ಪರೀಕ್ಷಿಸುವವರು ಹೆಚ್ಚಾಗಿ ದಾರಿ ತಪ್ಪುವುದು ಒಂದೇ ಕಡೆ: ಒಂದೇ ಸಿಆರ್‌ಎಫ್‌ನಲ್ಲಿ ಆನ್, ಆಫ್ ಎರಡು ಫೈಲ್ ಮಾಡಿ ಗಾತ್ರ ಹೋಲಿಸುವುದು. ಆನ್ ಇದ್ದಾಗ ಫೈಲ್ ಚಿಕ್ಕದಾಗುತ್ತದೆ, ಆದರೆ ತಿದ್ದುಪಡಿಗಳಿಂದ ಪಿಎಸ್‌ಎನ್‌ಆರ್ (ಚಿತ್ರ ಮೂಲಕ್ಕೆ ಎಷ್ಟು ಹತ್ತಿರ ಎಂಬ ಅಳತೆ) ಕೂಡ ಕೊಂಚ ಇಳಿಯುತ್ತದೆ. ಗಾತ್ರ ಮಾತ್ರ ನೋಡಿದವರು ಲಾಭವನ್ನು ಹಿಗ್ಗಿಸಿ ಹೇಳುತ್ತಾರೆ, ಪಿಎಸ್‌ಎನ್‌ಆರ್ ಮಾತ್ರ ನೋಡಿದವರು ಇದು ಚಿತ್ರ ಕೆಡಿಸುತ್ತದೆ ಎನ್ನುತ್ತಾರೆ. ಸರಿಯಾದ ದಾರಿ ಎಂದರೆ ಸಿಆರ್‌ಎಫ್ ಬಿಟ್ಟು ಸ್ಥಿರ ಕ್ಯೂಪಿ (ಕ್ವಾಂಟೈಸೇಶನ್ ಹೆಜ್ಜೆಯ ಅಂಕ) ಇಟ್ಟು 22, 27, 32, 37 ಹೀಗೆ ನಾಲ್ಕು ಬಾರಿ ಎನ್‌ಕೋಡ್ ಮಾಡುವುದು, ಆನ್‌ಗೆ ನಾಲ್ಕು, ಆಫ್‌ಗೆ ನಾಲ್ಕು. ಟ್ಯೂನ್ ಪಿಎಸ್‌ಎನ್‌ಆರ್ ಹಾಕಿ, ಇಲ್ಲದಿದ್ದರೆ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಇರುವ ಸೈಕೊ-ಆರ್‌ಡಿ ಅಳತೆಯನ್ನು ಕಲಕುತ್ತದೆ. ಸ್ಥಿರ ಕ್ಯೂಪಿಯಲ್ಲಿ ಬ್ಲಾಕ್‌ಗೆ ತಕ್ಕಂತೆ ಕ್ಯೂಪಿ ಬದಲಿಸುವ ಎಕ್ಯೂ, ಸಿಯು-ಟ್ರೀ ತಾವಾಗಿಯೇ ಆಫ್ ಆಗುತ್ತವೆ. ಬಂದ ಬಿಟ್‌ರೇಟ್, ಪಿಎಸ್‌ಎನ್‌ಆರ್ ಜೋಡಿಗಳಿಂದ ಎರಡು ರೇಖೆ ಎಳೆದು ಬಿಡಿ-ರೇಟ್ (ಅದೇ ಗುಣಮಟ್ಟಕ್ಕೆ ಬಿಟ್‌ರೇಟ್‌ನ ಸರಾಸರಿ ವ್ಯತ್ಯಾಸ) ತೆಗೆಯಿರಿ. ಕ್ಲಿಪ್ 10 ಸೆಕೆಂಡಿನದಾದರೂ ಸಾಕು, ಆದರೆ ಒಂದೇ ಬಗೆಯದಾಗಬಾರದು: ಭಂಡಾರದ್ದೊಂದು, ಮಂಟಪದ್ದೊಂದು, ಸ್ಲೈಡ್‌ನದೊಂದು ಇರಲಿ. ಈಗಾಗಲೇ ಕಡಿಮೆ ಬಿಟ್‌ರೇಟ್‌ನಲ್ಲಿ ಒತ್ತಿದ ಮೊಬೈಲ್ ಫೈಲನ್ನು ಮೂಲವಾಗಿ ಇಟ್ಟುಕೊಳ್ಳಬೇಡಿ. ಅದರ ಚಿಕ್ಕ ಗುಣಾಂಕಗಳು ಆಗಲೇ ಸತ್ತಿರುತ್ತವೆ, ಫಲಿತಾಂಶ ಯಾವ ಸೆಟ್ಟಿಂಗ್‌ಗೂ ನ್ಯಾಯ ಮಾಡುವುದಿಲ್ಲ.

ದೂರುಗಳೂ ಇವೆ. ಮೊದಲನೆಯದು ಕೈಪಿಡಿಯ ಮೇಲೆ. ಎಕ್ಸ್265ರ ದಾಖಲೆಯಲ್ಲಿ ಈ ಸ್ವಿಚ್ ಒಂದು ಟಿಯುಗೆ (ಟ್ರಾನ್ಸ್‌ಫಾರ್ಮ್ ಬ್ಲಾಕ್) ಒಂದು ಗುಣಾಂಕದ ಚಿಹ್ನೆ ಅಡಗಿಸುತ್ತದೆ ಎಂಬರ್ಥದ ವಿವರಣೆ ಇದೆ. ಸ್ಟ್ಯಾಂಡರ್ಡ್ ಹೇಳುವುದು 4×4 ಗುಂಪಿಗೊಂದು ಎಂದು. 8×8 ಟಿಯುನಲ್ಲಿ ನಾಲ್ಕರವರೆಗೆ, 32×32ರಲ್ಲಿ 64ರವರೆಗೆ ಅಡಗಬಹುದು. ಓದುವವರಿಗೆ ಲಾಭ ಇರುವುದಕ್ಕಿಂತ ಬಹಳ ಕಡಿಮೆ ಎನಿಸಿಬಿಡುತ್ತದೆ. ಎರಡನೆಯದು, ಕತ್ತಲಲ್ಲಿ ತೆಗೆದ ಗ್ರೇನ್ (ಕಾಳು ಕಾಳಾಗಿ ಕಾಣುವ ಚುಕ್ಕೆ) ತುಂಬಿದ ದೃಶ್ಯ. ರಾತ್ರಿಯ ಶ್ರೀಕೃಷ್ಣ ಪಾರಿಜಾತದಂಥ ಬಯಲಾಟದಲ್ಲಿ ಗ್ರೇನ್ ಎಂದರೆ ಒಂಟಿ ಒಂಟಿ 1ಗಳು. ಮೊತ್ತ ಸರಿಮಾಡಲು ಎನ್‌ಕೋಡರ್ ಅವುಗಳ ಮೇಲೇ ಕೈ ಹಾಕುವುದು ಸಹಜ. ಗ್ರೇನ್ ಉಳಿಸಲೇಬೇಕಿದ್ದರೆ ಸೈನ್‌ಹೈಡ್ ಆಫ್ ಮಾಡುವುದಕ್ಕಿಂತ ಟ್ಯೂನ್ ಗ್ರೇನ್ ಹಾಕಿ ಸಿಆರ್‌ಎಫ್ ಎರಡು ಅಂಕ ಇಳಿಸುವುದು ಹೆಚ್ಚು ಫಲ ಕೊಡುವ ದಾರಿ. ಮೂರನೆಯದು ದೂರಲ್ಲ, ಮಿತಿ: ಮೂಲದಿಂದ ಏನನ್ನೂ ಕಳೆಯದ ಲಾಸ್‌ಲೆಸ್‌ನಲ್ಲಿ ಇದು ಕೆಲಸ ಮಾಡುವುದಿಲ್ಲ, ಅಲ್ಲಿ ಒಂದು ಗುಣಾಂಕವನ್ನೂ ಬದಲಿಸುವಂತಿಲ್ಲವಲ್ಲ.

ಟಿವಿಯಲ್ಲಿ ಓಡುತ್ತದೋ ಇಲ್ಲವೋ ಎಂಬ ಭಯ ಬೇಡ. ಇದು ಎಚ್‌ಇವಿಸಿಯ ಮೂಲ ಸೌಲಭ್ಯಗಳ ಪಟ್ಟಿಯಾದ ಮೇನ್ ಪ್ರೊಫೈಲ್‌ನ ಭಾಗ. ಎಚ್‌ಇವಿಸಿ ಓಡಿಸುತ್ತೇನೆ ಎನ್ನುವ ಪ್ರತಿ ಡಿಕೋಡರ್‌ಗೂ ಇದು ಗೊತ್ತಿರಲೇಬೇಕು. ಪೆನ್‌ಡ್ರೈವ್ ಹಾಕಿದಾಗ ಟಿವಿ ತಕರಾರು ತೆಗೆದರೆ ಕಾರಣವನ್ನು 10-ಬಿಟ್, ಲೆವೆಲ್ ಅಥವಾ ಆಡಿಯೊ ಫಾರ್ಮ್ಯಾಟ್‌ನಲ್ಲಿ ಹುಡುಕಿ.

ಇದಕ್ಕಿಂತ ಮುಂದೆ ಹೋಗಬೇಕೆನ್ನುವವರಿಗೆ ಎಚ್‌ಇವಿಸಿಯ ನಂತರದ ಸ್ಟ್ಯಾಂಡರ್ಡ್ ಆದ 2020ರ ವಿವಿಸಿ ಇದೆ, ಅದಕ್ಕೆ ಬರ್ಲಿನ್‌ನ ಫ್ರಾನ್‌ಹೋಫರ್ ಎಚ್‌ಎಚ್‌ಐ ಕೊಡುವ ವಿವಿಎನ್‌ಸಿ ಎಂಬ ಮುಕ್ತ ಎನ್‌ಕೋಡರ್ ಇದೆ. ವಿವಿಸಿಯಲ್ಲಿ ಚಿಹ್ನೆ ಅಡಗಿಸುವ ವಿಧಾನ ಉಳಿದುಕೊಂಡಿದೆ, ಜೊತೆಗೆ ಡಿಪೆಂಡೆಂಟ್ ಕ್ವಾಂಟೈಸೇಶನ್ ಬಂದಿದೆ. ಅದರಲ್ಲಿ ಎರಡು ಕ್ವಾಂಟೈಸರ್‌ಗಳು, ನಾಲ್ಕು ಸ್ಥಿತಿಗಳು. ಹಿಂದಿನ ಗುಣಾಂಕ ಸಮವೋ ಬೆಸವೋ ಎಂಬುದರ ಮೇಲೆ ಮುಂದಿನದಕ್ಕೆ ಯಾವ ಕ್ವಾಂಟೈಸರ್ ಎಂಬುದು ನಿರ್ಧಾರವಾಗುತ್ತದೆ. ಸಮ-ಬೆಸವನ್ನು ಇಲ್ಲಿ ಆಗಲೇ ಬೇರೆ ಕೆಲಸಕ್ಕೆ ಹಚ್ಚಿದ್ದರಿಂದ ಒಂದೇ ಸ್ಲೈಸ್‌ನಲ್ಲಿ (ಫ್ರೇಮಿನ ಭಾಗ) ಎರಡನ್ನೂ ಒಟ್ಟಿಗೆ ಬಳಸಲು ಬರುವುದಿಲ್ಲ. ಲಾಭದಲ್ಲಿ ಡಿಪೆಂಡೆಂಟ್ ಕ್ವಾಂಟೈಸೇಶನ್‌ದೇ ಮೇಲುಗೈ, ಎನ್‌ಕೋಡರ್‌ಗೆ ಕೆಲಸವೂ ಹೆಚ್ಚು. ವಿವಿಸಿಯ ಮುಂದಿನ ಹಂತಕ್ಕೆ ನಡೆದಿರುವ ಇಸಿಎಂ ಪ್ರಯೋಗದಲ್ಲಿ ಚಿಹ್ನೆಯನ್ನು ಊಹಿಸುವ ಪ್ರಯತ್ನವೇ ಇದೆ. ಬೇರೆ ಬೇರೆ ಚಿಹ್ನೆಗಳನ್ನಿಟ್ಟು ಬ್ಲಾಕ್‌ನ ಅಂಚನ್ನು ಕಟ್ಟಿ, ಪಕ್ಕದಲ್ಲಿ ಆಗಲೇ ಮುಗಿದ ಪಿಕ್ಸೆಲ್‌ಗಳಿಗೆ ಯಾವುದು ನಯವಾಗಿ ಕೂಡುತ್ತದೋ ಅದನ್ನೇ ಊಹೆ ಎಂದು ಹಿಡಿಯುತ್ತದೆ. ಬರೆಯುವುದು ‘ಊಹೆ ಸರಿ’ ಅಥವಾ ‘ತಪ್ಪು’ ಎಂಬುದನ್ನು ಮಾತ್ರ. ಊಹೆ ಹೆಚ್ಚು ಸಲ ಸರಿಯಾಗುವುದರಿಂದ ಕ್ಯಾಬ್ಯಾಕ್ ಅದನ್ನು ಒಂದು ಬಿಟ್‌ಗಿಂತ ಕಡಿಮೆಗೆ ಇಳಿಸುತ್ತದೆ. ಎಂಟು ಚಿಹ್ನೆಗಳನ್ನು ಊಹಿಸಲು 256 ಜೋಡಣೆಗಳನ್ನು ತೂಗಬೇಕು, ಅದೂ ಡಿಕೋಡರ್‌ನಲ್ಲೂ. ಸಂಶೋಧನೆಗೆ ಸೊಗಸಾದ ವಿಷಯ, ಅಂಗಡಿಗೆ ಇನ್ನೂ ದೂರ.

ಗಿರಾಕಿಯ ಮನೆಯ ಟಿವಿಯಲ್ಲಿ ಓಡಬೇಕಾದ ಫೈಲಿಗೆ ಸದ್ಯ ಎಚ್‌ಇವಿಸಿಯೇ ಗಟ್ಟಿ. ಎಕ್ಸ್265ಕ್ಕೆ ದುಡ್ಡು ಕೊಡಬೇಕಿಲ್ಲ, ಅದು ಜಿಪಿಎಲ್ 2ರ ಅಡಿ ಮುಕ್ತ. ತಮ್ಮ ಮುಚ್ಚಿದ ಸಾಫ್ಟ್‌ವೇರ್‌ನೊಳಗೆ ಸೇರಿಸಿ ಮಾರುವವರು ಮಾತ್ರ ವಾಣಿಜ್ಯ ಪರವಾನಗಿ ಪಡೆಯಬೇಕು. ಪ್ರೀಸೆಟ್ ಸ್ಲೋ, ಸಿಆರ್‌ಎಫ್ 20ರಿಂದ 22, ಸೈನ್‌ಹೈಡ್ ಡಿಫಾಲ್ಟ್‌ನಲ್ಲಿ ಇದ್ದಂತೆಯೇ: ಮದುವೆ, ಜಾತ್ರೆ ಎರಡಕ್ಕೂ ಇಲ್ಲಿಂದ ಶುರುಮಾಡಿ. ಲೈವ್‌ಗಾಗಿ ಅಲ್ಟ್ರಾಫಾಸ್ಟ್ ಇಟ್ಟುಕೊಂಡವರು ಸೈನ್‌ಹೈಡ್ ಒಂದನ್ನು ಕೈಯಾರೆ ಆನ್ ಮಾಡಿ ನೋಡಲಿ. ಫ್ರೇಮ್ ಬೀಳದಿದ್ದರೆ ಹಾಗೇ ಬಿಡಲಿ.